'ಎಲ್‌ಎಫ್‌ಟಿ ನಾರ್ಮಲ್' ಅಂತ ಫೈಲ್ ಮುಚ್ಚೋರಿಗೆ

ಇವತ್ತು ಮತ್ತೊಂದು ರಿಪೋರ್ಟ್ ಕಣ್ಣಿಗೆ ಬಿತ್ತು. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಇದೆಯಾ ಅಂತ ಹೇಳೋ ರಕ್ತಪರೀಕ್ಷೆ) ಪಾಸಿಟಿವ್, ವಯಸ್ಸು ನಲವತ್ತು ದಾಟಿದ ಗಂಡಸು. ಕೆಳಗೆ ಪೆನ್ನಲ್ಲಿ ಗೀಚಿದ್ದು: 'ಎಲ್‌ಎಫ್‌ಟಿ ನಾರ್ಮಲ್, ಚಿಂತೆ ಬೇಡ.' (ಎಲ್‌ಎಫ್‌ಟಿ ಅಂದ್ರೆ ಲಿವರ್ ಸ್ಥಿತಿ ನೋಡೋ ಮಾಮೂಲಿ ರಕ್ತಪರೀಕ್ಷೆ.) ಮತ್ತೆ ಯಾವಾಗ ಬರಬೇಕು? ಅದರ ಸುದ್ದಿಯೇ ಇಲ್ಲ. ಮೈ ಉರಿಯುತ್ತೆ ಮಾರಾಯ್ರೆ.

ಎಲ್‌ಎಫ್‌ಟಿಯಲ್ಲಿ ಬರೋ ಎಸ್‌ಜಿಪಿಟಿ ಅನ್ನೋ ಅಂಕಿ ಹೇಳೋದು ಸದ್ಯಕ್ಕೆ ಲಿವರ್ ಕೋಶಗಳಿಗೆ ಎಷ್ಟು ಪೆಟ್ಟು ಬೀಳ್ತಿದೆ ಅಂತ, ಅಷ್ಟೇ. ಹೆಪಟೈಟಿಸ್ ಬಿ ವೈರಸ್ಸು ತನ್ನ ಡಿಎನ್‌ಎ ತುಣುಕುಗಳನ್ನ ನಮ್ಮ ಕೋಶದ ಡಿಎನ್‌ಎ ಒಳಗೇ ತೂರಿಸಿಬಿಡುತ್ತೆ. ಅದಕ್ಕೇ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗೋದು) ಇಲ್ಲದೆಯೂ ಲಿವರ್ ಕ್ಯಾನ್ಸರ್ ಬರಬಹುದು. ತೈವಾನಿನಲ್ಲಿ 22,707 ಗಂಡಸರನ್ನ ವರ್ಷಗಟ್ಟಲೆ ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಸಿಟಿವ್ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಇತ್ತು. 'ನಾನು ಕುಡಿಯಲ್ಲ ಸಾರ್' ಅನ್ನೋದು ಒಳ್ಳೇದೇ. ವೈರಸ್ಸಿಗೆ ಅದು ಗೊತ್ತಿಲ್ಲ.

'ಪಾಸಿಟಿವ್ ಇರೋರಿಗೆಲ್ಲ ಕ್ಯಾನ್ಸರ್ ಬರುತ್ತಾ?' ಇಲ್ಲ, ಬಹುಪಾಲು ಜನಕ್ಕೆ ಬರಲ್ಲ. ನಿಮಗೆ ಬರಲ್ಲ ಅಂತ ಬರೆದುಕೊಟ್ಟವರು ಯಾರು?

ಪಾಸಿಟಿವ್ ಬಂದ್ಮೇಲೆ ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಎಚ್‌ಬಿಇ ಆಂಟಿಜೆನ್ (ವೈರಸ್ ಎಷ್ಟು ಚುರುಕಾಗಿದೆ ಅಂತ ಸುಳಿವು ಕೊಡೋ ರಕ್ತಪರೀಕ್ಷೆ), ಅಲ್ಟ್ರಾಸೌಂಡ್, ಸಿಕ್ಕರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಆಗಬೇಕು. ಪಾಸಿಟಿವ್ ಇದ್ದವರಲ್ಲಿ ಸಿರೋಸಿಸ್ ಇದ್ದವರು, 40 ದಾಟಿದ ಗಂಡಸರು, 50 ದಾಟಿದ ಹೆಂಗಸರು, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರಿನ ಸುಳಿವು ಕೊಡೋ ರಕ್ತಪರೀಕ್ಷೆ) ಮಾಡಿಸಬೇಕು. ಎಎಫ್‌ಪಿ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಚಿಕ್ಕ ಗಡ್ಡೆ ಇದ್ದಾಗ ಅದು ಎಷ್ಟೋ ಸಲ ನಾರ್ಮಲ್ಲೇ (ಮತ್ತೆ ಅದೇ ದರಿದ್ರ ಪದ!). ಆರೇ ತಿಂಗಳು ಯಾಕೆ ಅಂದ್ರೆ, ಈ ಗಡ್ಡೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಲ್ಲಿ ಇಮ್ಮಡಿಯಾಗುತ್ತೆ. 2 ಸೆಂ.ಮೀ. ಒಳಗೆ ಸಿಕ್ಕರೆ ಸೂಜಿ ತೂರಿಸಿ ಸುಟ್ಟೇ ತೆಗೀಬಹುದು. 5 ದಾಟಿದರೆ ಲಿವರ್ ಕಸಿಗೂ ಒಪ್ಪೋದು ಕಷ್ಟ. ನೋವು ಬಂದಾಗ ನೋಡೋಣ ಅಂತೀರಾ? ಲಿವರ್ ಒಳಗೆ ನೋವಿನ ನರಗಳೇ ಇಲ್ಲ, ಇರೋದು ಮೇಲಿನ ಪೊರೆಯಲ್ಲಿ. ಅದು ಬಿಗಿಯೋ ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತೆ.

ಕಾಮಾಲೆಗೆ ನೆಲನೆಲ್ಲಿ ಕಷಾಯ ಕೊಡೋರೂ ಕೇಳಿ. ಹೆಪಟೈಟಿಸ್ ಎ, ಇ ಹೆಚ್ಚಿನವರಿಗೆ ತಾವಾಗೇ ಹೋಗ್ತವೆ, ಹೆಸರು ನಿಮ್ಮ ಕಷಾಯಕ್ಕೆ. ಬಿ, ಸಿ ಹಳೇ ಸೋಂಕಿನಲ್ಲಿ ಕಣ್ಣು ಹಳದಿಯಾಗೋದೇ ಅಪರೂಪ.

ದುಡ್ಡಿನ ಮಾತಾ? 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಬಿ ವೈರಸ್ಸನ್ನ ಅದುಮಿಡೋ ಮಾತ್ರೆ ಟೆನೊಫೊವಿರ್ ಶುರುವಾದ್ಮೇಲೆ 'ಈಗ ನಾರ್ಮಲ್ ಇದೆ' ಅಂತ ನೀವಾಗೇ ಬಿಟ್ಟರೆ ವೈರಸ್ ಒಮ್ಮೆಲೇ ಎದ್ದು ಲಿವರ್ರೇ ಕೈಕೊಡಬಹುದು. ಹೆಪಟೈಟಿಸ್ ಸಿ ಆದರೆ 12 ವಾರದ ಮಾತ್ರೆಗೆ ನೂರಕ್ಕೆ 95ರಷ್ಟು ಜನಕ್ಕೆ ಗುಣವಾಗುತ್ತೆ. ಆದರೆ ಅಷ್ಟರಲ್ಲಿ ಸಿರೋಸಿಸ್ ಆಗಿದ್ದರೆ ಗುಣವಾದ್ಮೇಲೂ ಸ್ಕ್ಯಾನ್ ತಪ್ಪಿದ್ದಲ್ಲ. ಅಲ್ಲೂ ಫೈಲ್ ಮುಚ್ಚೋರಿದ್ದಾರೆ!

ಇನ್ನೊಂದು. ದೀರ್ಘಕಾಲದ ಬಿ ಸೋಂಕು ಹೆಚ್ಚಾಗಿ ಹೆರಿಗೆ ಹೊತ್ತಲ್ಲಿ ಇಲ್ಲವೇ ಎಳವೆಯಲ್ಲಿ ತಗುಲಿದ್ದು. ಹಾಗಾಗಿ ತಾಯಿ, ಒಡಹುಟ್ಟಿದವರು, ಸಂಗಾತಿ, ಮಕ್ಕಳು ಎಲ್ಲರಿಗೂ ಎಚ್‌ಬಿಎಸ್‌ಎಜಿ ಮಾಡಿಸಿ. ನೆಗೆಟಿವ್ ಬಂದು ರಕ್ಷಣೆಯೂ ಇಲ್ಲದವರಿಗೆ ಲಸಿಕೆ: ಇವತ್ತೊಂದು, ಒಂದು ತಿಂಗಳಾದ್ಮೇಲೊಂದು, ಆರನೇ ತಿಂಗಳಿಗೊಂದು.