ವಿಪಿಎನ್ ಕೊಳ್ಳುವ ಮೊದಲು ಮಾಲೀಕ ಯಾರೆಂದು ಕೇಳಿ

ಐಪಿಎಲ್ ಆರಂಭವಾಗುವ ವಾರ ಮತ್ತು ಬಿಗ್ ಬಾಸ್ ಆರಂಭವಾಗುವ ವಾರ ಹೊರದೇಶದಲ್ಲಿರುವ ನೆಂಟರಿಷ್ಟರಿಗೆಲ್ಲ ನನ್ನ ನೆನಪಾಗುತ್ತದೆ. ಭಾರತದ ಪ್ರಸಾರವನ್ನು ಅಲ್ಲಿ ಕುಳಿತು ನೋಡಲು ಅವರಿಗೆ ವಿಪಿಎನ್ ಬೇಕು. "ಯಾವ ವಿಪಿಎನ್ ತೆಗೆದುಕೊಳ್ಳಲಿ? ಅಗ್ಗವಾಗಿರಬೇಕು, ನಡುವೆ ನಿಲ್ಲಬಾರದು." ಊರಿನಲ್ಲಿರುವವರ ಪ್ರಶ್ನೆ ಬೇರೆ: "ವಿಪಿಎನ್ ಹಾಕಿಕೊಂಡು ಬ್ಯಾಂಕ್ ವ್ಯವಹಾರ ಮಾಡಿದರೆ ಯಾರೂ ಏನನ್ನೂ ಕದಿಯಲು ಆಗುವುದಿಲ್ಲವಂತೆ, ನಿಜವೇ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಇಲ್ಲಿ ಒಮ್ಮೆಗೇ ಬರೆದು ಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದರ ಕೊಂಡಿ ಕಳುಹಿಸುತ್ತೇನೆ.

ವಿಪಿಎನ್ ಹಾಕಿದಾಗ ನಿಮ್ಮ ಫೋನಿನಿಂದ ಹೊರಡುವ ಎಲ್ಲವೂ ಗೂಢಲಿಪಿಯಾಗಿ ಮೊದಲು ವಿಪಿಎನ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ನೀವು ತೆರೆಯಬೇಕೆಂದಿರುವ ಜಾಲತಾಣಕ್ಕೆ. ನೀವು ಯಾವ ತಾಣ ನೋಡುತ್ತಿದ್ದೀರಿ ಎಂಬುದು ಬ್ರಾಡ್‌ಬ್ಯಾಂಡ್ ಕಂಪನಿಗೆ ಕಾಣುವುದಿಲ್ಲ. ಆ ತಾಣಕ್ಕೆ ನಿಮ್ಮ ಐಪಿ ವಿಳಾಸದ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬದಲು ವಿಪಿಎನ್ ಸರ್ವರಿನ ವಿಳಾಸ ಕಾಣುತ್ತದೆ. ಆ ವಿಳಾಸ ಭಾರತದ್ದಾದರೆ ನೀವೂ ಭಾರತದಲ್ಲೇ ಇದ್ದಂತೆ ತೋರುತ್ತದೆ. ಕೆಲಸ ಇಷ್ಟೇ. ಆದರೆ ಬ್ರಾಡ್‌ಬ್ಯಾಂಡ್ ಕಂಪನಿಯ ಕಣ್ಣಿನಿಂದ ಮರೆಯಾದದ್ದು ವಿಪಿಎನ್ ಕಂಪನಿಯ ಕಣ್ಣಿಗೆ ಬೀಳುತ್ತದೆ. ಬ್ರಾಡ್‌ಬ್ಯಾಂಡಿನವರ ಕಚೇರಿ ನಿಮ್ಮ ಊರಿನಲ್ಲೇ ಇದೆ, ಅವರಿಗೆ ಸರ್ಕಾರದ ಪರವಾನಗಿ ಇದೆ, ಜಗಳವಾಡಬೇಕೆಂದರೆ ಹೋಗಿ ನಿಲ್ಲಬಹುದು. ವಿಪಿಎನ್ ಕಂಪನಿ ಪನಾಮಾದಲ್ಲೋ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲೋ ನೋಂದಣಿಯಾಗಿರುತ್ತದೆ. ಅದಕ್ಕೇ ವೇಗ ಎಷ್ಟು, ಎಷ್ಟು ದೇಶಗಳಲ್ಲಿ ಸರ್ವರ್ ಇದೆ, ಎಷ್ಟು ರಿಯಾಯಿತಿ ಎಂಬುದನ್ನೆಲ್ಲ ನಾನು ಆಮೇಲೆ ನೋಡುತ್ತೇನೆ. ಮಾಲೀಕ ಯಾರು, ಪೊಲೀಸರು ಬಾಗಿಲು ತಟ್ಟಿದ ದಿನ ಏನಾಯಿತು ಎಂಬುದೇ ನನಗೆ ಮೊದಲ ವಿಚಾರಣೆ.

"ನಾವು ಯಾವ ದಾಖಲೆಯನ್ನೂ ಇಡುವುದಿಲ್ಲ" ಎಂದು ಎಲ್ಲ ವಿಪಿಎನ್ ಕಂಪನಿಗಳೂ ಬರೆದುಕೊಳ್ಳುತ್ತವೆ. 2017ರಲ್ಲಿ ಅಮೆರಿಕದ ಎಫ್‌ಬಿಐ ಒಬ್ಬ ಕಿರುಕುಳಗಾರನನ್ನು ಬಂಧಿಸಿತು. ಅವನು ಬಳಸುತ್ತಿದ್ದದ್ದು ಪ್ಯೂರ್‌ವಿಪಿಎನ್. ದಾಖಲೆ ಇಡುವುದಿಲ್ಲ ಎಂದಿದ್ದ ಆ ಕಂಪನಿ, ಒಬ್ಬನೇ ಗ್ರಾಹಕ ತನ್ನ ಮನೆಯಿಂದಲೂ ಕೆಲಸದ ಜಾಗದಿಂದಲೂ ಸಂಪರ್ಕ ಪಡೆದಿದ್ದಾನೆ ಎಂದು ತನಿಖೆಗೆ ತೋರಿಸಿಕೊಟ್ಟಿತು. ಅಪರಾಧಿ ಸಿಕ್ಕಿಬಿದ್ದದ್ದಕ್ಕೆ ನನಗೆ ಬೇಸರವಿಲ್ಲ, ಒಳ್ಳೆಯದೇ ಆಯಿತು. ಆದರೆ ಇಲ್ಲ ಎಂದು ಹೇಳಿದ ವಸ್ತು ಎಲ್ಲಿಂದ ಬಂತು? ಆ ಕಂಪನಿ ಆಮೇಲೆ ತನ್ನ ನೀತಿಯನ್ನು ಬದಲಿಸಿ ಹೊರಗಿನವರಿಂದ ಪರಿಶೀಲನೆಯನ್ನೂ ಮಾಡಿಸಿತು, ಅದನ್ನೂ ಹೇಳಬೇಕು.

ಇದಕ್ಕೆ ತದ್ವಿರುದ್ಧವಾದದ್ದು ಸ್ವೀಡನ್ನಿನ ಮಲ್ವಾಡ್. 2023ರ ಏಪ್ರಿಲ್ 18ರಂದು ಪೊಲೀಸರು ಶೋಧನಾ ವಾರಂಟ್ ಹಿಡಿದು ಗೋಥೆನ್‌ಬರ್ಗ್‌ನಲ್ಲಿರುವ ಅದರ ಕಚೇರಿಗೆ ಬಂದರು. ಗ್ರಾಹಕರ ಮಾಹಿತಿಯಿರುವ ಕಂಪ್ಯೂಟರುಗಳನ್ನು ಒಯ್ಯುವುದು ಅವರ ಉದ್ದೇಶವಾಗಿತ್ತು. ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಸಿಬ್ಬಂದಿ ವಿವರಿಸಿದ ಮೇಲೆ ಬರಿಗೈಯಲ್ಲಿ ಹಿಂದಿರುಗಿದರು. ಇಲ್ಲಿ ಖಾತೆ ತೆರೆಯಲು ಹೆಸರೂ ಬೇಡ, ಇಮೇಲ್ ಕೂಡ ಬೇಡ. ಒಂದು ಸಂಖ್ಯೆ ಕೊಡುತ್ತಾರೆ, ಅದೇ ಖಾತೆ. ಬೇಕಿದ್ದರೆ ಲಕೋಟೆಯಲ್ಲಿ ನೋಟು ಇಟ್ಟು ಅಂಚೆಯಲ್ಲಿ ಕಳುಹಿಸಿ ಹಣ ಕಟ್ಟಬಹುದು!

ಎಕ್ಸ್‌ಪ್ರೆಸ್‌ವಿಪಿಎನ್ ವಿಷಯ ಇಷ್ಟು ಸರಳವಲ್ಲ. 2016ರ ಡಿಸೆಂಬರಿನಲ್ಲಿ ಅಂಕಾರಾದಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಕಾರ್ಲೋವ್ ಅವರ ಹತ್ಯೆಯಾಯಿತು. ತನಿಖೆಯ ಭಾಗವಾಗಿ ಟರ್ಕಿಯ ಅಧಿಕಾರಿಗಳು ಈ ಕಂಪನಿಯ ಸರ್ವರನ್ನೇ ವಶಪಡಿಸಿಕೊಂಡರೂ ಬೇಕಾದದ್ದು ಅದರಲ್ಲಿ ಸಿಗಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ ಎಂದು ನಾನೂ ಆಗ ಹೊಗಳಿದ್ದೆ. 2021ರ ಸೆಪ್ಟೆಂಬರಿನಲ್ಲಿ ಕೇಪ್ ಟೆಕ್ನಾಲಜೀಸ್ ಇದನ್ನು 93.6 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಕೇಪ್‌ನ ಹಳೆಯ ಹೆಸರು ಕ್ರಾಸ್‌ರೈಡರ್. ಬ್ರೌಸರಿನಲ್ಲಿ ಬೇಡದ ಜಾಹೀರಾತು ತುರುಕುವ ತಂತ್ರಾಂಶಗಳಿಗೆ ನೆಲೆಯಾಗಿತ್ತು ಎಂಬ ಅಪಖ್ಯಾತಿ ಆ ಹೆಸರಿಗಿತ್ತು. ಅದೇ ತಿಂಗಳು, ಎಕ್ಸ್‌ಪ್ರೆಸ್‌ವಿಪಿಎನ್‌ನ ಹಿರಿಯ ಅಧಿಕಾರಿಯೊಬ್ಬರು ಹಿಂದೆ ಯುಎಇ ಸರ್ಕಾರದ ಪರವಾಗಿ ಹ್ಯಾಕಿಂಗ್ ಕೆಲಸದಲ್ಲಿದ್ದದ್ದು ಅಮೆರಿಕದ ನ್ಯಾಯ ಇಲಾಖೆಯ ಪ್ರಕರಣದಿಂದ ಹೊರಬಿತ್ತು. ಅವರ ಹಿನ್ನೆಲೆಯ ಮುಖ್ಯ ಸಂಗತಿಗಳು ನಮಗೆ ಗೊತ್ತಿದ್ದವು ಎಂದು ಕಂಪನಿ ಸಮರ್ಥಿಸಿಕೊಂಡಿತು. ಸರ್ವರ್ ಪರೀಕ್ಷೆಯಲ್ಲಿ ಗೆದ್ದ ಕಂಪನಿಯೂ ಅದೇ, ಇದೂ ಅದೇ. ಯಾವುದಕ್ಕೆ ಹೆಚ್ಚು ತೂಕ ಕೊಡಬೇಕೆಂದು ನೀವೇ ನಿರ್ಧರಿಸಿ. ನನಗಂತೂ ಹಳೆಯ ಉತ್ಸಾಹ ಉಳಿದಿಲ್ಲ.

ಕೇಪ್ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಸೈಬರ್‌ಗೋಸ್ಟ್, ಜೆನ್‌ಮೇಟ್, ಪ್ರೈವೇಟ್ ಇಂಟರ್‌ನೆಟ್ ಆ್ಯಕ್ಸೆಸ್ ಇವೂ ಅದರ ಕೈಗೆ ಬಂದವು. ಅಂಗಡಿಯ ಕಪಾಟಿನಲ್ಲಿ ಹಲವು ಹೆಸರು, ಗಲ್ಲಾಪೆಟ್ಟಿಗೆ ಒಂದೇ. 2021ರಲ್ಲೇ ಅದು ವಿಪಿಎನ್‌ಮೆಂಟರ್, ವಿಜ್‌ಕೇಸ್ ಎಂಬ ವಿಮರ್ಶಾ ತಾಣಗಳನ್ನು ನಡೆಸುವ ಸಂಸ್ಥೆಯನ್ನೂ ಕೊಂಡಿತು. ಅಂದರೆ "ಈ ವರ್ಷದ ಅತ್ಯುತ್ತಮ ವಿಪಿಎನ್ ಯಾವುದು" ಎಂದು ನೀವು ಗೂಗಲ್‌ನಲ್ಲಿ ಹುಡುಕಿದಾಗ ತೀರ್ಪು ಹೇಳುವವರಿಗೂ ಸ್ಪರ್ಧಿಗಳಿಗೂ ಒಬ್ಬರೇ ಯಜಮಾನರು. ಇದು ಕೇಪ್ ಒಂದರ ಹಣೆಬರಹವಲ್ಲ. ತಂತ್ರಜ್ಞಾನ ವಿಮರ್ಶೆಯ ತಾಣ ಪಿಸಿಮ್ಯಾಗ್ ನಡೆಸುವ, ಅಂಥದ್ದೇ ಇನ್ನೊಂದು ತಾಣ ಸಿನೆಟ್ ಅನ್ನೂ 2024ರಲ್ಲಿ ಕೊಂಡ ಜಿಫ್ ಡೇವಿಸ್ ಸಮೂಹದಲ್ಲೇ ಐಪಿವ್ಯಾನಿಶ್ ಎಂಬ ವಿಪಿಎನ್ ಇದೆ. ನಾರ್ಡ್‌ವಿಪಿಎನ್ ಮತ್ತು ಸರ್ಫ್‌ಶಾರ್ಕ್ 2022ರಲ್ಲಿ ಒಂದಾದವು. ಇದಲ್ಲದೆ ವಿಮರ್ಶೆ ಬರೆಯುವವರಿಗೂ ಯೂಟ್ಯೂಬ್‌ನಲ್ಲಿ ಹೊಗಳುವವರಿಗೂ ಅವರ ಕೊಂಡಿ ಒತ್ತಿ ಚಂದಾದಾರರಾದ ಪ್ರತಿಯೊಬ್ಬರಿಂದ ಕಮಿಷನ್ ಸಿಗುತ್ತದೆ. ಎಲ್ಲ ವಿಮರ್ಶೆಯೂ ಸುಳ್ಳು ಎನ್ನುತ್ತಿಲ್ಲ. ಮೊದಲ ಸ್ಥಾನ ಯಾರಿಗೆ ಎಂಬ ಪಟ್ಟಿಯನ್ನು ಮಾತ್ರ ನಾನು ಓದುವುದನ್ನೇ ಬಿಟ್ಟಿದ್ದೇನೆ.

ಉಚಿತ ವಿಪಿಎನ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಒಂದು ನಿದರ್ಶನ ಸಾಕು. ಫೇಸ್‌ಬುಕ್ 2013ರಲ್ಲಿ ಒನಾವೋ ಎಂಬ ಕಂಪನಿಯನ್ನು ಕೊಂಡು, ಅದರ ಉಚಿತ ವಿಪಿಎನ್ ಅನ್ನು "ನಿಮ್ಮ ರಕ್ಷಣೆಗಾಗಿ" ಎಂದು ಹಂಚಿತು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಲೆಕ್ಕವೆಲ್ಲ ಅದರ ಮೂಲಕ ಫೇಸ್‌ಬುಕ್‌ಗೆ ಸಿಗುತ್ತಿತ್ತು. ವಾಟ್ಸ್‌ಆ್ಯಪ್ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದೂ ಆ ಲೆಕ್ಕದಲ್ಲೇ ಇತ್ತು. ಬ್ರಿಟನ್ ಸಂಸತ್ತಿನ ಸಮಿತಿ 2018ರ ಕೊನೆಯಲ್ಲಿ ಹೊರಹಾಕಿದ ಕಾಗದಪತ್ರಗಳಲ್ಲಿ ಇದೆಲ್ಲ ಇದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು. (ಇದನ್ನು ಫೇಸ್‌ಬುಕ್‌ನಲ್ಲೇ ಬರೆಯುತ್ತಿದ್ದೇನೆ ಎಂಬುದು ನನಗೂ ಗೊತ್ತು, ಯಾರೂ ನೆನಪಿಸಬೇಕಿಲ್ಲ.) ಉಚಿತದಲ್ಲಿ ನಾನು ಧೈರ್ಯವಾಗಿ ಹೇಳಬಲ್ಲ ಹೆಸರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಒಂದೇ. ಡೇಟಾ ಮಿತಿಯಿಲ್ಲ, ಜಾಹೀರಾತಿಲ್ಲ. ಹಣ ಕೊಡುವ ಚಂದಾದಾರರಿಂದ ಅದರ ಖರ್ಚು ನಡೆಯುತ್ತದೆ. ಉಚಿತ ಖಾತೆಯಲ್ಲಿ ದೇಶ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಹಾಗಾಗಿ ಅದರಲ್ಲಿ ಸಿನಿಮಾ ನೋಡುವ ಆಸೆ ಬೇಡ.

ಭಾರತದ ನಿಯಮದ ವಿಷಯ ಬಹಳ ಜನರಿಗೆ ತಿಳಿದಿಲ್ಲ. 2022ರ ಏಪ್ರಿಲ್ 28ರಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್, ಇಮೇಲ್, ಕೊಟ್ಟ ಐಪಿ ವಿಳಾಸ, ಯಾವ ಉದ್ದೇಶಕ್ಕೆ ಬಳಸುತ್ತಾರೆ ಎಂಬುದನ್ನೆಲ್ಲ ಐದು ವರ್ಷ ಕಾದಿಡಬೇಕು ಎಂಬುದು ಅದರ ಸಾರ. ಕಚೇರಿಗಳು ಸಿಬ್ಬಂದಿಗೆಂದು ನಡೆಸುವ ವಿಪಿಎನ್‌ಗೆ ವಿನಾಯಿತಿ ಇದೆ. ಪಾಲಿಸಲು ಇಷ್ಟವಿಲ್ಲದವರು ದೇಶ ಬಿಟ್ಟು ಹೋಗಬಹುದು ಎಂದು ಆಗಿನ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ನೇರವಾಗಿಯೇ ಹೇಳಿದರು. ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಎಲ್ಲವೂ ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ನೀವು ವಿಪಿಎನ್ ಬಳಸುವುದು ಕಾನೂನುಬಾಹಿರವಾಗಲಿಲ್ಲ, ಆದರೆ ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಡಳಿತ ಆಗಾಗ ನಿಷೇಧಿಸಿದ್ದುಂಟು. ಭಯೋತ್ಪಾದನೆಯ ತನಿಖೆಗೆ ಮಾಹಿತಿ ಬೇಕು ಎಂಬ ಸರ್ಕಾರದ ವಾದ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ಗ್ರಾಹಕರ ವಿವರವನ್ನೂ ಐದು ವರ್ಷ ಒಂದೆಡೆ ಗುಡ್ಡೆ ಹಾಕಿದರೆ ಕಳ್ಳರಿಗೆ ಹುಡುಕುವ ಶ್ರಮವೇ ಉಳಿಯುವುದಿಲ್ಲ.

ಕ್ರಿಕೆಟ್ ನೋಡಬೇಕೆನ್ನುವ ನೆಂಟರಿಗೆ ಈ ಆದೇಶ ಹೇಗೆ ತಟ್ಟುತ್ತದೆ ನೋಡಿ. ಆ್ಯಪ್‌ನಲ್ಲಿ ಭಾರತದ ಬಾವುಟ ಒತ್ತಿದರೂ ಆ ಸರ್ವರ್ ನಿಜವಾಗಿ ಇರುವುದು ಬಹುಪಾಲು ಸಿಂಗಪುರದಲ್ಲಿ ಅಥವಾ ಲಂಡನ್ನಿನಲ್ಲಿ. ಐಪಿ ವಿಳಾಸ ಮಾತ್ರ ಭಾರತದ್ದು. ದಾರಿ ಉದ್ದವಾದಷ್ಟೂ ಕೊನೆಯ ಓವರಿನಲ್ಲಿ ಚಕ್ರ ತಿರುಗುತ್ತಾ ನಿಲ್ಲುವ ಸಾಧ್ಯತೆ ಹೆಚ್ಚು. ಇನ್ನೊಂದು ಕಡೆ ಸ್ಟ್ರೀಮಿಂಗ್ ಕಂಪನಿಗಳು ಸುಮ್ಮನೆ ಕುಳಿತಿಲ್ಲ. ಪ್ರಸಾರದ ಹಕ್ಕು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರಾಟವಾಗಿರುವುದರಿಂದ ಅವರು ತಡೆಯಲೇಬೇಕು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂತು, ವಿಪಿಎನ್ ತಡೆಯುತ್ತೇವೆ ಎಂದು ಘೋಷಿಸಿದ್ದೂ ಅದೇ ತಿಂಗಳು. ವಿಪಿಎನ್ ಸರ್ವರುಗಳು ಇರುವಂಥ ಡೇಟಾ ಸೆಂಟರುಗಳಿಗೆ ಸೇರಿದ ಐಪಿ ವಿಳಾಸಗಳ ಪಟ್ಟಿ ಅವರ ಬಳಿ ಇರುತ್ತದೆ, ಒಂದೇ ವಿಳಾಸದಿಂದ ನೂರಾರು ಖಾತೆ ತೆರೆದರೆ ಅನುಮಾನ ಬರುತ್ತದೆ. ಇಂದು ಓಡಿದ ಸರ್ವರ್ ನಾಳೆ ಓಡದಿರಬಹುದು. ಹೀಗಿರುವಾಗ "ಎಲ್ಲ ಸ್ಟ್ರೀಮಿಂಗ್ ತಾಣವೂ ಖಂಡಿತ ತೆರೆಯುತ್ತದೆ" ಎಂಬ ಭರವಸೆ ನಂಬಿ ಎರಡು ವರ್ಷದ ಚಂದಾ ಒಟ್ಟಿಗೆ ಕಟ್ಟುವುದು ಹುಚ್ಚುತನ.

ಅದಕ್ಕಿಂತ ಮೊದಲು ನಿಮ್ಮ ದೇಶದಲ್ಲೇ ನ್ಯಾಯವಾಗಿ ಏನು ಸಿಗುತ್ತದೆ ನೋಡಿ. ಅಮೆರಿಕದಲ್ಲಿ ಐಪಿಎಲ್‌ಗೆ ವಿಲೋ ಎಂಬ ಕ್ರಿಕೆಟ್ ವಾಹಿನಿ ಇದೆ. ಜೀ ಕನ್ನಡದ ಧಾರಾವಾಹಿಗಳಿಗೆ ಜೀ5 2021ರಲ್ಲೇ ಅಲ್ಲಿಗೆ ಬಂದಿದೆ, ಉದಯದ ಸಿನಿಮಾಗಳಿಗೆ ಸನ್ ನೆಕ್ಸ್ಟ್ ಇದೆ. ಜಿಯೋಹಾಟ್‌ಸ್ಟಾರ್ ಮಾತ್ರ ಪೇಚಾಟ: ವಿಪಿಎನ್ ದಾಟಿದರೂ ಭಾರತದ ಮೊಬೈಲ್ ಸಂಖ್ಯೆ ಬೇಕು, ಅದಕ್ಕೆ ಓಟಿಪಿ ಬೇಕು. ಊರಿನಲ್ಲಿರುವ ಅಪ್ಪನಿಗೆ ರಾತ್ರಿ ಎರಡು ಗಂಟೆಗೆ ಕರೆ ಮಾಡಿ "ಒಂದು ನಂಬರ್ ಬಂದಿರುತ್ತದೆ, ಹೇಳಿ" ಎಂದು ಕೇಳುವ ಮಕ್ಕಳು ಇದ್ದಾರೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಅದೇ ಅಪ್ಪನಿಗೆ ಪಾಠ ಮಾಡಿದವರೂ ಅವರೇ! ಇನ್ನು, ಅಗ್ಗದ ದೇಶದ ದರದಲ್ಲಿ ಚಂದಾ ಕೊಳ್ಳುವ ಜಾಣತನ ಬೇಡ. ಹಾಗೆ ಕೊಂಡಿದ್ದ ಯೂಟ್ಯೂಬ್ ಪ್ರೀಮಿಯಂ ಚಂದಾಗಳನ್ನು ಆ ಕಂಪನಿ 2024ರಲ್ಲಿ ರದ್ದುಪಡಿಸಲಾರಂಭಿಸಿತು.

ಕೊಲ್ಲಿಯಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದ ಗೆಳೆಯರಿಗೆ ಒಂದು ಎಚ್ಚರಿಕೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇರುವುದರಿಂದ ಮನೆಯವರೊಡನೆ ಮಾತನಾಡಲು ವಿಪಿಎನ್ ಹಾಕಿಕೊಳ್ಳುವವರು ಬಹಳ. ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನಂತೆ, ಅಪರಾಧ ಎಸಗಲು ಅಥವಾ ಮುಚ್ಚಿಡಲು ಐಪಿ ವಿಳಾಸ ಮರೆಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಜೈಲು ಶಿಕ್ಷೆಗೂ ಅವಕಾಶವಿದೆ. ವಿಪಿಎನ್ ಇಟ್ಟುಕೊಂಡ ಮಾತ್ರಕ್ಕೆ ಅಪರಾಧವಲ್ಲ ನಿಜ. ಆದರೆ ಗೆರೆ ಎಲ್ಲಿದೆ ಎಂದು ನಿಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳಬೇಡಿ. ಪರವಾನಗಿ ಇರುವ ಬೋಟಿಮ್‌ನಂಥ ಆ್ಯಪ್ ಇದೆ, ಅದರಲ್ಲಿ ಮಾತನಾಡಿ.

ಊರಿನವರ ಬ್ಯಾಂಕ್ ಪ್ರಶ್ನೆಗೆ ಬರುತ್ತೇನೆ. ಇಂದು ಬ್ಯಾಂಕಿನ ತಾಣ, ಆ್ಯಪ್‌ಗಳೆಲ್ಲ ವಿಪಿಎನ್ ಇಲ್ಲದೆಯೂ ಗೂಢಲಿಪಿಯಲ್ಲೇ ಮಾತನಾಡುತ್ತವೆ. ರೈಲು ನಿಲ್ದಾಣದ ವೈಫೈಯಲ್ಲಿ ಕುಳಿತವನಿಗೆ ನಿಮ್ಮ ಪಾಸ್‌ವರ್ಡ್ ಸುಲಭವಾಗಿ ಕಾಣುವ ಕಾಲ ಕಳೆದಿದೆ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣಬಹುದು, ಅದನ್ನು ಮರೆಸಲು ವಿಪಿಎನ್ ಉಪಯೋಗಕ್ಕೆ ಬರುತ್ತದೆ. ನಮ್ಮ ಜನರ ದುಡ್ಡು ಹೋಗುತ್ತಿರುವುದು ಬೇರೆ ಬಾಗಿಲಿನಿಂದ: ಮದುವೆಯ ಆಮಂತ್ರಣ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ, ಒತ್ತಿದರೆ ಫೋನಿಗೆ ಆ್ಯಪ್ ಸೇರಿಸಿಬಿಡುವ ಎಪಿಕೆ ಫೈಲಿನಿಂದ, ಡಿಜಿಟಲ್ ಅರೆಸ್ಟ್ ಎಂದು ಬೆದರಿಸುವ ವಿಡಿಯೊ ಕರೆಯಿಂದ. ಇದಕ್ಕೆ ಯಾವ ವಿಪಿಎನ್ ಕೂಡ ಔಷಧವಲ್ಲ. ಜಾಹೀರಾತು ಬೆನ್ನಟ್ಟುವುದೂ ನಿಲ್ಲುವುದಿಲ್ಲ, ನೀವೇ ಜಿಮೇಲ್‌ಗೆ ಲಾಗಿನ್ ಆಗಿ ಹುಡುಕುತ್ತಿರುವಾಗ ಐಪಿ ವಿಳಾಸ ಬದಲಾದರೆ ಗೂಗಲ್‌ಗೇನು ನಷ್ಟ? ಬದಲಿಗೆ ವಿಪಿಎನ್ ಕಂಡರೆ ತೆರೆಯದೆ ಮುನಿಸಿಕೊಳ್ಳುವ ಬ್ಯಾಂಕ್ ಆ್ಯಪ್‌ಗಳಿವೆ. ಒಳ್ಳೆಯ ವಿಪಿಎನ್‌ಗಳಲ್ಲಿ ಆಯ್ದ ಆ್ಯಪ್‌ಗಳನ್ನು ಹೊರಗಿಡುವ ಸೌಲಭ್ಯವಿರುತ್ತದೆ. ಬ್ಯಾಂಕ್, ಯುಪಿಐ ಎಲ್ಲವನ್ನೂ ಹೊರಗಿಡಿ.

ಇಷ್ಟೆಲ್ಲ ಓದಿದ ಮೇಲೂ ಹೆಸರು ಹೇಳಿ ಎನ್ನುವವರಿಗೆ: ದಿನಬಳಕೆಗೆ ನನ್ನ ಆಯ್ಕೆ ಮಲ್ವಾಡ್, ಎರಡನೆಯದು ಪ್ರೋಟಾನ್. ಇಬ್ಬರ ಆ್ಯಪ್‌ಗಳ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಹೊರಗಿನ ಪರಿಶೀಲನೆಯ ವರದಿಗಳೂ ಪ್ರಕಟವಾಗಿವೆ. ಅಂಥ ಪರಿಶೀಲನೆ ಆ ವಾರದ ಸ್ಥಿತಿಯನ್ನಷ್ಟೇ ಹೇಳುತ್ತದೆ ಎಂಬುದು ನೆನಪಿರಲಿ. ಸಂಪರ್ಕದ ವಿಧಾನ ವೈರ್‌ಗಾರ್ಡ್ ಇರಲಿ. 2020ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೇ ಸೇರಿದ ಇದು ಹಳೆಯ ವಿಧಾನಗಳಿಗಿಂತ ಚಿಕ್ಕದು, ಚುರುಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ವಿಪಿಎನ್ ಸದಾ ಚಾಲೂ ಇರುವಂತೆಯೂ, ಅದಿಲ್ಲದೆ ಇಂಟರ್‌ನೆಟ್ ಹರಿಯದಂತೆಯೂ ಮಾಡುವ ಗುಂಡಿಗಳಿವೆ. ಆದರೆ ಎರಡನೆಯದನ್ನು ಒತ್ತಿದರೆ ಹೊರಗಿಟ್ಟ ಬ್ಯಾಂಕ್ ಆ್ಯಪ್‌ಗೂ ಇಂಟರ್‌ನೆಟ್ ಸಿಗದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಸ್ಟ್ರೀಮಿಂಗ್‌ಗೆ ಮಲ್ವಾಡ್ ಕೊಳ್ಳಬೇಡಿ, ಆ ಕಸರತ್ತಿನಲ್ಲಿ ಅವರಿಗೆ ಆಸಕ್ತಿಯಿಲ್ಲ. ದೊಡ್ಡ ಕಂಪನಿಗಳಲ್ಲಿ ಒಂದನ್ನು ಒಂದು ತಿಂಗಳಿಗೆ ಮಾತ್ರ ಕೊಂಡು ನೀವು ನೋಡುವ ತಾಣದಲ್ಲೇ, ನೀವು ನೋಡುವ ಹೊತ್ತಿನಲ್ಲೇ ಪರೀಕ್ಷಿಸಿ. ಹಣ ವಾಪಸಿನ ಅವಧಿ ಎಷ್ಟು ದಿನ ಎಂದು ಮೊದಲೇ ಓದಿಕೊಳ್ಳಿ. ಮೊದಲ ಅವಧಿಯ ದರ ದೊಡ್ಡಕ್ಷರದಲ್ಲಿ, ನವೀಕರಣದ ದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ಎರಡನೆಯದು ಎಷ್ಟೋ ಪಟ್ಟು ಹೆಚ್ಚಿರಬಹುದು. ಮಲ್ವಾಡ್ ತಿಂಗಳಿಗೆ 5 ಯೂರೊ ಎಂಬ ಒಂದೇ ದರ ಇಟ್ಟುಕೊಂಡಿದೆ, ತಾನಾಗಿ ನವೀಕರಣವಾಗುವ ಚಂದಾವನ್ನೇ 2022ರಲ್ಲಿ ನಿಲ್ಲಿಸಿದೆ. ಬೇರೆಯವರಲ್ಲಿ ಚಂದಾ ಕಟ್ಟಿದ ದಿನವೇ ಖಾತೆಯೊಳಗೆ ಹೋಗಿ ಸ್ವಯಂ ನವೀಕರಣವನ್ನು ರದ್ದು ಮಾಡಿ. ಆ ಗುಂಡಿಯನ್ನು ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಸಿಗುವವರೆಗೂ ಬಿಡಬೇಡಿ.