ತುಕ್ಕಿಲ್ಲದ ಮಸ್ಟಾಂಗ್

ಮಿಷಿಗನ್‌ನಲ್ಲಿ ಹಳೆಯ ಕಾರು ಮಾರುವವರ ಬಾಯಲ್ಲಿ ಮೊದಲು ಬರುವ ಮಾತು "ತುಕ್ಕು ಎಂಬುದೇ ಇಲ್ಲ". ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಸೀಮೆಯಲ್ಲಿ ಹಾಗೆನ್ನಲು ಎದೆಗಾರಿಕೆ ಬೇಕು. 1966ರ ಫೋರ್ಡ್ ಮಸ್ಟಾಂಗ್ ಕೊಳ್ಳಲೇಬೇಕೆಂದು ಪಟ್ಟು ಹಿಡಿದಿದ್ದ ನಮ್ಮ ಭಾವ ಮಾತ್ರ ಅದನ್ನು ವೇದವಾಕ್ಯವೆಂದು ನಂಬಿ, ಡೆಟ್ರಾಯಿಟ್ ಹೊರವಲಯದ ಗ್ಯಾರೇಜೊಂದಕ್ಕೆ ನನ್ನನ್ನೂ ಎಳೆದೊಯ್ದರು.

ಹಳೆಯ ಕಾರುಗಳಿಗೆ ಅಲ್ಲಿ 1ರಿಂದ 4ರವರೆಗೆ ದರ್ಜೆ. 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, 4 ಎಂದರೆ ಓಡಿದರೆ ಪುಣ್ಯ. ಮಾಲೀಕರಾದ ಅಜ್ಜ ತಮ್ಮ ಕಾರಿಗೆ ತಾವೇ 2 ಕೊಟ್ಟುಕೊಂಡಿದ್ದರು. "ಅಸಲಿ ವಿ8, ಎಂಟು ಸಿಲಿಂಡರಿನ ಎಂಜಿನ್, ಕಾರ್ಖಾನೆಯಿಂದ ಬಂದ ಹಾಗೇ ಇದೆ. 32,000 ಡಾಲರ್" ಎಂದರು. ಭಾವ ಆಗಲೇ ಜೇಬು ತಡವುತ್ತಿದ್ದರು.

ನಾನು ಬಗ್ಗಿ ಚಕ್ರ ನೋಡಿದೆ. ನಾಲ್ಕೇ ನಟ್ಟು! ಆ ವರ್ಷದ ವಿ8 ಮಸ್ಟಾಂಗ್‌ಗೆ ಐದು ಇರಬೇಕು. ನಾಲ್ಕು ನಟ್ಟು ಬಡಪಾಯಿ ಆರು ಸಿಲಿಂಡರಿನವಕ್ಕೆ. ಬಾಗಿಲಿನ ತಗಡುಪಟ್ಟಿಯ ಕ್ರಮಸಂಖ್ಯೆಯಲ್ಲೂ ಐದನೆಯ ಅಕ್ಷರ 'ಟಿ', ಆರು ಸಿಲಿಂಡರ್ ಎಂಜಿನ್ನಿನ ಗುರುತು. ಅಂದರೆ ಹುಟ್ಟಿದ್ದು ಆರಾಗಿ, ಎಂಟಾದದ್ದು ಆಮೇಲೆ. ಬೆಲೆಯಿಂದ ಸಾವಿರಗಳು ಉದುರಲು ಇಷ್ಟು ಸಾಕು.

"ಎರಡು ಸಿಲಿಂಡರ್ ಹೆಚ್ಚೇ ಕೊಟ್ಟಿದ್ದೇನಲ್ಲ?" ಎಂದು ಅಜ್ಜ ನನ್ನನ್ನೇ ದುರುಗುಟ್ಟಿದರು.

ಇನ್ನು ಅಯಸ್ಕಾಂತ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅದು ಹಿಡಿಯುವುದಿಲ್ಲ. ಅಕ್ಕನ ಫ್ರಿಜ್ಜಿನಿಂದ ಕಿತ್ತು ತಂದಿದ್ದ ಮೈಸೂರು ಅರಮನೆಯನ್ನು ಬಾಗಿಲಿಗೆ ಹಚ್ಚಿದೆ, ಭದ್ರವಾಗಿ ಕೂತಿತು. ಹಿಂಚಕ್ರದ ಬಳಿ ಇಟ್ಟೆ; ಅರಮನೆ ಜಾರಿ ನೆಲಕ್ಕೆ ಬಿದ್ದು ಗೋಪುರ ಮುರಿಯಿತು. "ಇದನ್ನು ನಿಮ್ಮ ಅಕ್ಕನಿಗೆ ಯಾರು ಹೇಳುವುದು?" ಎಂದು ಭಾವ ಕಂಗಾಲಾದರು. ಪುಟ್ಟಿಯ ಚಿಂತೆ ಅವರಿಗಿರಲಿಲ್ಲ.

ಈ ಕಾರುಗಳ ನಿಜವಾದ ರೋಗವಿರುವುದು ಮುಂಗಾಜಿನ ಬುಡದ ಗಾಳಿಜಾಲರಿಯಲ್ಲಿ. ಅದರೊಳಗಿನ ತಗಡು ತೂತಾದರೆ ಮಳೆನೀರು ಒಳಗಿಳಿದು ಕಾಲಡಿಯ ನೆಲವನ್ನೂ ತಿಂದು ಹಾಕುತ್ತದೆ. ರಿಪೇರಿಗೆ ಮುಂಭಾಗದ ಬೆಸುಗೆಗಳನ್ನೇ ಬಿಡಿಸಬೇಕು. ಪರೀಕ್ಷೆ ಮಾತ್ರ ಸುಲಭ: ಒಬ್ಬರು ಜಾಲರಿಗೆ ನೀರು ಹೊಯ್ಯಬೇಕು, ಇನ್ನೊಬ್ಬರು ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ ಟಾರ್ಚ್ ಬಿಡಬೇಕು. ನಾನು ಅಂಗಾತ ಮಲಗಿ "ಸ್ವಲ್ಪವೇ ಹೊಯ್ಯಿರಿ" ಎಂದೆ. ಭಾವನವರದು ಧಾರಾಳ ಕೈ. ಕೆಂಪು ನೀರು ಮೂಗು, ಕಿವಿ, ಕಾಲರ್ ಎನ್ನದೆ ಅಭಿಷೇಕವಾಯಿತು.

ತೆವಳುತ್ತ ಹೊರಬಂದ ನನ್ನನ್ನು ಕಂಡು ಅಜ್ಜನಿಗೆ ಕನಿಕರ ಉಕ್ಕಿತು. "ಆಯಿತು, 2,000 ಡಾಲರ್ ಬಿಡುತ್ತೇನೆ" ಎಂದರು.

ಭಾವ ಇನ್ನೊಂದು ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು.