ತುಮಕೂರು–ದಾವಣಗೆರೆ ರೈಲಿಗೆ ರಾಜ್ಯ ಅರ್ಧ ದುಡ್ಡು ಹಾಕಬೇಕಾ?

ಪರ: ಹಾಕಲೇಬೇಕು

ಭಾನುವಾರ ಸಂಜೆ ಚಿತ್ರದುರ್ಗದ ಬಸ್ ಸ್ಟ್ಯಾಂಡಿಗೆ ಒಂದ್ಸಲ ಬನ್ನಿ. ದಾವಣಗೆರೆ ಕಡೆಯಿಂದ ಬರುವ ಬೆಂಗಳೂರು ಬಸ್ಸು ತುಂಬಿಕೊಂಡೇ ಬರುತ್ತದೆ. ಕೆಲಸಕ್ಕೆ ವಾಪಸ್ ಹೊರಟ ಹುಡುಗರು ಕಿಟಕಿಯಲ್ಲಿ ಬ್ಯಾಗ್ ತೂರಿಸಿ ಸೀಟು ಹಿಡಿಯುತ್ತಾರೆ, ಸಿಗದವರು ಹಿರಿಯೂರು, ಶಿರಾ ದಾಟುವವರೆಗೂ ನಿಂತೇ ಇರುತ್ತಾರೆ. ರೈಲಿಗೆ ಹೋಗೋಣ ಅಂದರೆ ಮೊದಲು ಚಿಕ್ಕಜಾಜೂರು, ಆಮೇಲೆ ಬೀರೂರು, ಅರಸೀಕೆರೆ ಸುತ್ತಿ ತುಮಕೂರು. ದಾವಣಗೆರೆಯವರಿಗೂ ಅದೇ ಸುತ್ತು.

ಹಿರಿಯೂರು, ಶಿರಾ ಮೇಲೆ ನೇರ ಹೋಗುವ ಹೊಸ ಮಾರ್ಗ ಸುಮಾರು 190 ಕಿ.ಮೀ. ಮಂಜೂರಾದದ್ದು 2011–12ರಲ್ಲಿ. ಜಮೀನು ಕೊಡುವುದು ರಾಜ್ಯ, ಕಾಮಗಾರಿ ಖರ್ಚು ರಾಜ್ಯ, ರೈಲ್ವೆ ಅರ್ಧರ್ಧ ಅಂತ ಆಗಲೇ ಮಾತಾಗಿತ್ತು. ಈಗ ಮತ್ತೆ ಆ ಲೆಕ್ಕ ಕೆದಕುತ್ತಾ ಕೂತರೆ ಇನ್ನೊಂದಷ್ಟು ವರ್ಷ ಸುಮ್ನೆ ಹೋಗುತ್ತದೆ. ಬೆಂಗಳೂರಿನ 148 ಕಿ.ಮೀ. ಉಪನಗರ ರೈಲಿನ 15,767 ಕೋಟಿಯಲ್ಲಿ ರಾಜ್ಯದ್ದು ಶೇ 20, ಕೇಂದ್ರದ್ದು ಶೇ 20, ಉಳಿದದ್ದು ಸಾಲ. ಅಲ್ಲಿಗೆ ಹೊಂದಿಸಿದ ದುಡ್ಡನ್ನು ಬಯಲುಸೀಮೆಗೆ ಯಾಕೆ ಹೊಂದಿಸಬಾರದು?

ವಿರೋಧ: ರೈಲು ಬೇಕು, ಈ ಲೆಕ್ಕ ಬೇಡ

ಬೆಂಗಳೂರಿನ ಹೋಲಿಕೆ ಇಲ್ಲಿಗೆ ಕೂಡಿಬರುವುದಿಲ್ಲ. ಅಲ್ಲಿ ಕೆಲಸ ಮಾಡಿಸುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯಕ್ಕೂ ಪಾಲಿದೆ. ನಮ್ಮ ಮಾರ್ಗದಲ್ಲಿ ಟಿಕೆಟ್ ದುಡ್ಡು, ಗೂಡ್ಸ್ ಬಾಡಿಗೆ ಎಲ್ಲ ರೈಲ್ವೆಗೆ. ಯಾವ ಗಾಡಿ ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲಬೇಕು ಎನ್ನುವುದೂ ಅವರದೇ ತೀರ್ಮಾನ. ಜಮೀನಿನ ಖರ್ಚು ಪೂರ್ತಿ, ಅದರ ಮೇಲೆ ಕಾಮಗಾರಿಯ ಅರ್ಧ. ಕೂಡಿಸಿ ನೋಡಿ, ರಾಜ್ಯದ ಪಾಲು ಅರ್ಧಕ್ಕಿಂತ ಜಾಸ್ತಿಯೇ ಆಗುತ್ತದೆ ಅಲ್ವಾ?

ನಮ್ಮ ಕೆರೆಗಳಿಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದರು. ಆ ದುಡ್ಡಿಗಾಗಿ ದುರ್ಗದ ಜನ ಬೀದಿಗೆ ಇಳಿಯಬೇಕಾಯಿತು. ಮೊದಲು ನಮ್ಮ ಕೆರೆ ತುಂಬಿಸುವ ಕೆಲಸಕ್ಕೆ ರಾಜ್ಯದ ಹಣ ಸಾಲಬೇಕು.

ಇನ್ನು ಜಮೀನು. ಭರಮಸಾಗರದ ಕಡೆ ನಮ್ಮ ಅಣ್ಣನ ಅಡಿಕೆ ತೋಟವಿದೆ. ಸರ್ವೆಯವರು ಬಂದು ಎರಡು ಸಾಲಿನ ನಡುವೆ ಕಲ್ಲು ನೆಟ್ಟು ಹೋದರು. ಪರಿಹಾರ ಕೈಗೆ ಬರುವವರೆಗೆ ಅವನು ಹೊಸ ಬೋರು ಕೊರೆಸಲಿಲ್ಲ, ಒಣಗಿದ ಮರದ ಜಾಗಕ್ಕೆ ಸಸಿ ಇಡಲಿಲ್ಲ. ಹೋಗುವ ಜಾಗಕ್ಕೆ ಯಾರು ದುಡ್ಡು ಸುರಿಯುತ್ತಾರೆ? ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಕಾಯ್ದು ಕಳೆದ ವರ್ಷಗಳನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ರಾಜ್ಯ ಜಮೀನು ಕೊಡಲಿ, ರೈತರಿಗೆ ಪರಿಹಾರವನ್ನು ಒಂದೇ ಕಂತಿನಲ್ಲಿ, ಕಲ್ಲು ನೆಟ್ಟ ವರ್ಷವೇ ಕೊಡಲಿ. ಹಳಿ ಹಾಕುವ ಖರ್ಚನ್ನು ರೈಲ್ವೆಯವರೇ ಹೊರಲಿ.